ಎಲ್ಲ ಮನೆಗೂ ಕಟ್ಟೆ

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲಿ. ಬಂದಷ್ಟೇ ಬೇಗ ಇಳಿಯುತ್ತದೆ ಎಂದು ನಮ್ಮ ಮನೆಯವರು ಈಗಲೂ ಚೇಷ್ಟೆ ಮಾಡುತ್ತಾರೆ. ಆದರೆ ಧಾರವಾಡದಿಂದ ಪುಣೆಗೆ ಬಂದ ಮೂರನೆಯ ವರ್ಷ ಒಂದು ಸಿಟ್ಟನ್ನು ಆರು ವಾರ ಹಾಗೇ ಇಟ್ಟುಕೊಂಡಿದ್ದೆ, ಅದೂ ಅತ್ತೆಯ ಮೇಲೆ. ಹೊತ್ತು ಹೊತ್ತಿಗೆ ಬಡಿಸುತ್ತಿದ್ದೆ, ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದೆ, ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಯೆರವಡಾದಲ್ಲಿ ಎರಡು ಕೋಣೆಯ ಮನೆ. ಮನೆಯವರು ನಸುಕಿಗೇ ರಾಂಜಣಗಾಂವದ ಫ್ಯಾಕ್ಟರಿ ಬಸ್ಸು ಹಿಡಿದರೆ ಮತ್ತೆ ಬರುವುದು ಸಂಜೆಯೇ. ಅಲ್ಲಿಯವರೆಗೆ ನಾನು, ಅತ್ತೆ, ಇಬ್ಬರ ನಡುವೆ ಚೌಕಾಬಾರ. ಊರಿನಲ್ಲಿ ಅವರ ಜಗಲಿಯ ಕಲ್ಲಿನ ಮೇಲೇ ಆಟದ ಮನೆಗಳನ್ನು ಕೊರೆದಿದ್ದರಂತೆ. ಇಲ್ಲಿಯ ಚುಕ್ಕಿ ಚುಕ್ಕಿ ಮೊಸಾಯಿಕ್ ನೆಲದ ಮೇಲೆ ಸೀಮೆಸುಣ್ಣದ ಗೆರೆ ಅವರ ಪೊರೆ ಬಂದ ಕಣ್ಣಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಮನೆಯವರು ಫ್ಯಾಕ್ಟರಿಯ ಆಫೀಸಿಗೆ ನೆಲಹಾಸು ಹಾಕಿ ಉಳಿದಿದ್ದ ಬಿಳಿ ವಿನೈಲಿನ ತುಂಡೊಂದನ್ನು ಕೇಳಿ ತಂದು, ರಟ್ಟಿನ ಡಬ್ಬಗಳ ಮೇಲೆ ಬರೆಯುವ ಕಪ್ಪು ಮಾರ್ಕರಿನಿಂದ ಇಪ್ಪತ್ತೈದು ಮನೆ ಗೀಚಿಕೊಟ್ಟಿದ್ದರು. ನಾಲ್ಕು ಬದಿಯ ನಡುಮನೆಗೆ, ಮತ್ತೆ ಒಳಗಿನ ನಟ್ಟನಡುವಿನ ಮನೆಗೆ ಇಂಟು ಗುರುತು. ಅವು ಕಟ್ಟೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ.

ನನ್ನ ಕಾಯಿಗಳು ಹಸಿರು ಬಳೆಯ ಚೂರು, ಅವರವು ಹುಣಸೆ ಬೀಜ. ಅತ್ತೆ ಆಟದಲ್ಲಿ ಕಳ್ಳಿ. ಕವಡೆ ಬಿದ್ದ ಮೇಲೂ ಕಿರುಬೆರಳಿನಿಂದ ಒಂದನ್ನು ಮೆಲ್ಲಗೆ ಮಗುಚಿ, ಕಣ್ಣು ಕಾಣುವುದಿಲ್ಲ ಎಂದು ನನಗೇ ಎಣಿಸಲು ಹೇಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ.

ಆ ವರ್ಷ ನನಗೆ ನಾಲ್ಕು ತಿಂಗಳು ತುಂಬಿ ಹೋಯಿತು. ಹೋಯಿತು ಎಂದರೆ ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಬಂದೆ. ಅಳು ಬರಲಿಲ್ಲ. ಯಾಕೆ ಬರಲಿಲ್ಲವೋ, ಎದೆಯಲ್ಲಿ ಏನೋ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮೂರನೆಯ ವಾರ ಅತ್ತೆ, ನನ್ನ ಮನಸ್ಸು ಬೇರೆ ಕಡೆ ಹೊರಳಲಿ ಎಂದು, ಹಾಸು ಹಾಸಿ ಕರೆದರು. ಒಲ್ಲದ ಮನಸ್ಸಿನಿಂದ ಕೂತೆ. ನನ್ನ ಒಂದು ಕಾಯಿ ಒಳಸುತ್ತಿಗೆ ಹೋಗಿ, ನಡುಮನೆ ಸೇರಿ ಹಣ್ಣಾಗಲು ಎರಡೇ ಮನೆ ಬಾಕಿ ಇತ್ತು. ಕವಡೆಯಲ್ಲಿ ಅತ್ತೆಗೆ ಬೇಕಾದ ಗರ ಬಿತ್ತು. ಕಾಯಿಯನ್ನು ಕಡಿದು, ಎಂದಿನ ಹುರುಪಿನಲ್ಲಿ ಅಂದರು:

“ನಿನ್ನ ಕಾಯಿ ಹಣ್ಣಾಗೂದಿಲ್ಲ ಬಿಡು.”

ನಾನು ಎದ್ದು ಒಳಗೆ ಹೋದೆ. ಅವರು ಹಾಸಿನ ಮುಂದೆ ಬಹಳ ಹೊತ್ತು ಹಾಗೇ ಕೂತಿದ್ದರು.

ಅದು ಆಟದ ಮಾತು ಎಂಬುದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಇದನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಡಾಕ್ಟರು ಯಾರ ತಪ್ಪೂ ಅಲ್ಲ ಎಂದಿದ್ದರು. ಯಾರ ತಪ್ಪೂ ಅಲ್ಲದ ದುಃಖವನ್ನು ಹೊತ್ತುಕೊಂಡು ತಿರುಗುವುದು ನನ್ನಿಂದಾಗಲಿಲ್ಲ. ಅತ್ತೆಯ ಮಾತು ಸಿಕ್ಕಿತು, ತಂದು ಅವರ ತಲೆಗೆ ಕಟ್ಟಿದೆ.

ಆರು ವಾರ ಕಳೆದ ಮೇಲೆ ಒಂದು ದಿನ ಕಾಯಿಪಲ್ಲೆ ತಂದು ಬಾಗಿಲು ತೆಗೆದರೆ ಹಾಸು ನೆಲದ ಮೇಲೆ ಹಾಸಿತ್ತು. ಪಕ್ಕದಲ್ಲಿ ಅತ್ತೆ, ಅವರ ಕೈಯಲ್ಲಿ ಮಗನ ಮಾರ್ಕರು. ಖಾಲಿ ಇದ್ದ ಇಪ್ಪತ್ತು ಮನೆಗಳಲ್ಲೂ ಇಂಟು ಗುರುತು ಬಿದ್ದಿತ್ತು.

“ಎಲ್ಲಾ ಮನಿಗೂ ಕಟ್ಟಿ ಹಾಕೇನಿ,” ಅಂದರು. “ಇನ್ನ ನಿನ್ನ ಕಾಯಿ ಯಾರೂ ಕಡಿಯಾಂಗಿಲ್ಲ.”

ನಾನು ಚೀಲ ಹಿಡಿದುಕೊಂಡೇ ನಿಂತೆ. ಒಳ್ಳೆಯ ಮಾತೇನಾದರೂ ಆಡಬಹುದಿತ್ತು. ಬಾಯಿಗೆ ಬಂದದ್ದು ಮಾತ್ರ ಆಟದ ಕಾನೂನು: ಎದುರಿನವರ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ.

“ಹಂಗಾದ್ರ ಒಳಗ ಹೆಂಗ ಹೋಗೂದ್ರಿ?”

ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಎಪ್ಪತ್ತು ದಾಟಿದ ಆ ಮುಖ ಪರೀಕ್ಷೆಯಲ್ಲಿ ತಪ್ಪು ಬರೆದ ಹುಡುಗಿಯ ಮುಖದ ಹಾಗೆ ಇಳಿದುಹೋಯಿತು. ಸೆರಗಿನ ತುದಿಯನ್ನು ಉಗುಳಲ್ಲಿ ತೋಯಿಸಿ ಒಂದು ಗುರುತನ್ನು ತಿಕ್ಕತೊಡಗಿದರು. ಅದು ಜಪ್ಪಯ್ಯ ಅನ್ನಲಿಲ್ಲ.

ಮರುದಿನ ನಾನೇ ಹಿಡಿದು ಕೂತೆ. ಸಾಬೂನಿನ ನೀರಿಗೆ ಗುರುತು ಮತ್ತಷ್ಟು ಹೊಳೆಯಿತು. ಸೀಮೆಎಣ್ಣೆ ಹಾಕಿದರೆ ಗುರುತಿನ ಜೊತೆ ಮನೆಯ ಗೆರೆಯೂ ಕದಡಿ ಒಂದು ಮೂಲೆ ಕಪ್ಪಾಯಿತು. ಉಗುರುಬಣ್ಣ ತೆಗೆಯುವ ನೀರು ಹಾಸಿನ ಹೊಳಪನ್ನೇ ತಿಂದು, ಮುಟ್ಟಿದರೆ ಅಂಟುವ ಹಾಗೆ ಮಾಡಿತು. ಕೊನೆಗೆ ಉಪಾಯ ಹೇಳಿದವರು ಮೇಲಿನ ಮನೆಯಲ್ಲಿ ಟ್ಯೂಶನ್ ನಡೆಸುತ್ತಿದ್ದ ಮರಾಠಿ ಹೆಂಗಸು. ತಮ್ಮ ಬಿಳಿ ಬೋರ್ಡಿನ ಮೇಲೆ ಒಮ್ಮೆ ತಪ್ಪಿ ಅಳಿಸದ ಪೆನ್ನಿನಿಂದ ಬರೆದು ಫಜೀತಿ ಪಟ್ಟಿದ್ದರಂತೆ. ಬೋರ್ಡಿನ ಪೆನ್ನನ್ನು ನನ್ನ ಕೈಗಿಟ್ಟು, ಹಳೆಯ ಗುರುತಿನ ಮೇಲೆಯೇ ಹೊಸದಾಗಿ ಬರೆದು, ಒಣಗುವ ಮೊದಲೇ ಒರೆಸಲು ಹೇಳಿದರು. ಹೊಸದು ಬರುವಾಗ ಹಳೆಯದನ್ನೂ ಎಬ್ಬಿಸಿಕೊಂಡು ಬರುತ್ತದೆ ಎಂದರು.

ಹಾಗೆಯೇ ಆಯಿತು. ಆದರೆ ಒರೆಸುವ ಮೊದಲು ಪ್ರತಿಯೊಂದು ಗುರುತನ್ನೂ ನಾನು ಮತ್ತೆ ಬರೆಯಬೇಕಿತ್ತು, ಅತ್ತೆಯ ಕೈ ಹೋದ ದಾರಿಯಲ್ಲೇ. ನಡುಗಿದಲ್ಲಿ ನಡುಗಿಸಬೇಕು, ಗೆರೆ ದಾಟಿದಲ್ಲಿ ದಾಟಿಸಬೇಕು. ಒಂದೊಂದು ಮನೆಯ ಮೂಲೆಯಲ್ಲೂ ಒಂದು ದಪ್ಪ ಚುಕ್ಕೆ ಇತ್ತು. ಅದೇನೆಂದು ಮೊದಲು ತಿಳಿಯಲಿಲ್ಲ. ಆರನೆಯದೋ ಏಳನೆಯದೋ ಬರೆಯುವಾಗ ಹೊಳೆಯಿತು. ಮನೆ ಎಲ್ಲಿದೆ ಎಂದು ಕಾಣದೆ ಮೂಗು ಹಾಸನ್ನು ತಾಗುವಷ್ಟು ಬಗ್ಗಿ, ಪೆನ್ನನ್ನು ಅಲ್ಲೇ ಊರಿ, ಗೆರೆ ಕಣ್ಣಿಗೆ ಬೀಳಲಿ ಎಂದು ಕಾದಿದ್ದರು. ಇಪ್ಪತ್ತು ಸಲ.

ಎದುರಿಗೆ ಅರಳೆ ಹಿಡಿದು ಒರೆಸುತ್ತಿದ್ದವರು ಅತ್ತೆಯೇ.

“ನಾ ಆಟದ ಮಾತ ಆಡಿದ್ದೆ,” ಅಂದರು, ತಲೆ ಎತ್ತದೆ. “ಬಾಯಿಂದ ಬಿದ್ದ ಮ್ಯಾಲೆ ಗೊತ್ತಾತು ನೋಡವಾ.”

“ನನಗೂ ಆವತ್ತ ಗೊತ್ತಿತ್ರಿ, ಅತ್ತಿ.”

ಅವರು ಒರೆಸುವುದನ್ನು ನಿಲ್ಲಿಸಿದರು. ಗೊತ್ತಿದ್ದೂ ಆರು ವಾರವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮುಂದಿನ ಮನೆಯನ್ನು ಬೆರಳಿನಿಂದ ತೋರಿಸಿದರು. ನಾನು ಬರೆದೆ, ಅವರು ಒರೆಸಿದರು. ಇಪ್ಪತ್ತೂ ಹೋದವು. ಓರೆ ಬೆಳಕಿನಲ್ಲಿ ನೋಡಿದರೆ ತಿಳಿ ನೇರಳೆ ಬಣ್ಣದ ಕಲೆ ಅಲ್ಲಲ್ಲಿ ಉಳಿದಿತ್ತು.

ಹಾಸು ಒಣಗಿದ ಮೇಲೆ ಆಟಕ್ಕೆ ಕೂತೆವು. ನಾಲ್ಕೈದು ಸುತ್ತು ಆಗಿರಬೇಕು, ಅತ್ತೆಗೆ ಮೂರು ಬಿತ್ತು. ಅವರ ಬೀಜವೊಂದರ ಮುಂದಿನ ಮೂರನೆಯ ಮನೆಯಲ್ಲಿ ನನ್ನ ಬಳೆಚೂರು. ಅವರು ಕಾಣದವರಂತೆ ಬೇರೆ ಬೀಜವನ್ನು ಎತ್ತಿಕೊಂಡರು. ಅಷ್ಟು ವರ್ಷ ಆಡಿದ ಆಟದಲ್ಲಿ ಅವರು ನನ್ನ ಲಾಭಕ್ಕಾಗಿ ಮಾಡಿದ ಮೊದಲ ಕಳ್ಳತನ ಅದು.

“ಕಡೀರಿ ಅತ್ತಿ,” ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಎಷ್ಟು ಕಂಡಿತೋ ಗೊತ್ತಿಲ್ಲ. ಬೀಜವನ್ನು ಹಿಂದಿಟ್ಟು, ಇನ್ನೊಂದನ್ನು ನಡೆಸಿ, ನನ್ನ ಕಾಯಿ ಕಡಿದರು. ಕಡಿದ ಕಾಯಿಯನ್ನು ಎಂದಿನಂತೆ ಬದಿಗೆ ಎಸೆಯಲಿಲ್ಲ. ಎರಡು ಬೆರಳಲ್ಲಿ ಹಿಡಿದು, ಅದು ಮೊದಲು ಹೊರಟಿದ್ದ ನನ್ನ ಬದಿಯ ಕಟ್ಟೆಯನ್ನು ತಡವಿ ಹುಡುಕಿ, ಅಲ್ಲಿ ಇಟ್ಟರು.

ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು. ಹಾಸಿನ ಮೇಲೆಯೇ ಬಗ್ಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವರ ಒಂದು ಕೈ ನನ್ನ ಬೆನ್ನ ಮೇಲಿತ್ತು. ಅಳು ತಗ್ಗಿದ ಮೇಲೆ ನಾಲ್ಕು ಕವಡೆಗಳನ್ನು ಆರಿಸಿ ನನ್ನ ಅಂಗೈಯೊಳಗೆ ಹಾಕಿ, ಬೆರಳುಗಳನ್ನು ಮುಚ್ಚಿದರು.

“ಹಾಕವಾ,” ಅಂದರು. “ನಿನ್ನ ಪಾಳಿ.”