ಮಾವನ ಪಕ್ಕದ ಸೀಟು

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಮಣೆಗಳು ಹನ್ನೊಂದು. ಎಂಟು ಹಲಸಿನ ಮರದವು, ಮೂರು ಮಾವಿನ ಮರದವು. ಮದುವೆಯಾಗಿ ಮಾಲೂರಿನಿಂದ ಯಲ್ದೂರಿನ ಹತ್ತಿರದ ಈ ಊರಿಗೆ ಬಂದ ಮೇಲೆ ಅವನ್ನು ಒರೆಸಿ ಗೋಡೆಗೆ ಒರಗಿಸಿಡುವುದು ನನ್ನ ಪಾಲಿಗೆ ಬಂತು. ಕಿರಿ ಸೊಸೆಗೆ ಬರುವ ಕೆಲಸಗಳು ಇಂಥವೇ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚಿನ ಆ ಬೇಸಿಗೆಯಲ್ಲಿ ಮಧ್ಯಾಹ್ನ ಎಣಿಸಿದರೆ ಎಂಟೇ ಸಿಗುತ್ತಿದ್ದವು. ಮಾವಿನ ಮರದ ಮೂರೂ ಮಾಯ. ದೀಪ ಹಚ್ಚುವ ಹೊತ್ತಿಗೆ ಮೂರೂ ಮರಳಿ ಗೋಡೆಗೆ ಬಂದಿರುತ್ತಿದ್ದವು, ಮೇಲೆ ಅಂಗಾಲಿನ ಧೂಳು.

“ಅಕ್ಕ, ಮಧ್ಯಾಹ್ನ ಮಣೆ ಮೂರು ಎಲ್ಲಿಗೆ ಹೋಗ್ತವೆ?” ಎಂದು ಒಂದು ದಿನ ನನ್ನ ವಾರಗಿತ್ತಿಯನ್ನು ಕೇಳಿದೆ.

“ಮಾವನ ಕಾಲಿಗೆ ಎಣ್ಣೆ ಹಚ್ತೀನಿ ಕಣೇ, ಅದಕ್ಕೆ.”

ಎಣ್ಣೆ ಹಚ್ಚುವುದಕ್ಕೆ ಮೂರು ಮಣೆ ಯಾಕೆ? ಒಂದು ಅವರಿಗೆ, ಒಂದು ಇವಳಿಗೆ, ಮೂರನೆಯದು ಎಣ್ಣೆ ಬಟ್ಟಲಿಗೋ? ಆದರೆ ನನ್ನನ್ನು ಚುಚ್ಚಿದ್ದು ಮಣೆಯ ಲೆಕ್ಕವಲ್ಲ. ಅದಕ್ಕೂ ಇವಳೇ ಬೇಕು, ನಾನಿದ್ದೂ ಇಲ್ಲದ ಹಾಗೆ ಎಂಬುದು.

ಅಕ್ಕ ಮಾವನಿಗೆ ಸ್ವಂತ ತಂಗಿಯ ಮಗಳು, ಮುಳಬಾಗಿಲಿನವಳು. ಹುಟ್ಟಿದಾಗಲೇ ಮಾವ ತೊಟ್ಟಿಲ ಹತ್ತಿರ ನಿಂತು “ಇದು ನಮ್ಮ ಮನೆ ಸೊಸೆ” ಎಂದಿದ್ದರಂತೆ. ಅವರ ಹೆಗಲ ಮೇಲೆ ಕೂತು ಬೆಳೆದವಳು. ಇಬ್ಬರೂ ಮಾತಾಡಿಕೊಳ್ಳುವುದು ತೆಲುಗಿನಲ್ಲಿ. ಅವಳನ್ನು ಅವರು ‘ಏಮೇ’, ಅಂದರೆ ‘ಏನೇ’, ಎಂದು ಕರೆಯುತ್ತಿದ್ದರು, ನನ್ನನ್ನು ‘ನೋಡಮ್ಮ’ ಎಂದು, ಕನ್ನಡದಲ್ಲಿ, ಮನೆಗೆ ಬಂದ ನೆಂಟರ ಹುಡುಗಿಯನ್ನು ಮಾತಾಡಿಸುವ ಹಾಗೆ. ಮರ್ಯಾದೆ ಜಾಸ್ತಿ ಎಂದು ನನ್ನ ತಾಯಿ ಖುಷಿಪಟ್ಟರು. ನನಗೆ ಆ ಮರ್ಯಾದೆ ಬೇಡವಾಗಿತ್ತು.

ಮಾವನಿಗೆ ಮಾವಿನ ತೋಪುಗಳಿದ್ದವು, ಕಾಯಿ ವ್ಯಾಪಾರವಿತ್ತು, ಜೊತೆಗೆ ಒಂದು ಕಾರು. ಸುತ್ತಿನ ಊರುಗಳಲ್ಲಿ ಕಾರು ತಂದವರಲ್ಲಿ ಅವರೇ ಮೊದಲು. ಅದನ್ನು ತಾವೇ ಕಲಿತು ಓಡಿಸುತ್ತಿದ್ದರು. ಹತ್ತು ಹನ್ನೆರಡು ವರ್ಷ ದುಡಿದು ಅದು ಕೊಟ್ಟಿಗೆ ಸೇರಿದ ಮೇಲೆ ಅಕ್ಕನ ಗಂಡ, ನಮ್ಮ ಭಾವ, ಬೆಂಗಳೂರಿಗೆ ಹೋಗಿ ಬೇರೊಂದು ಕಾರು ಕೊಂಡು ತಂದರು. ಹೊಸ ಬಗೆಯದು, ಗಾಜೆಲ್ಲ ಮೇಲೆ ಕೆಳಗೆ ಆಗುವಂಥದು. ಆಗ ಮಾವನಿಗೆ ಅರವತ್ತೈದು ದಾಟಿತ್ತು.

ಹೊಸ ಕಾರು ಬಂದ ಮೊದಲ ವಾರವೇ ಒಂದು ಅನಾಹುತವಾಯಿತು. ಅಂಗಳದಲ್ಲಿ ನಿಲ್ಲಿಸಲು ಬಂದ ಮಾವ ನಿಲ್ಲಿಸುವ ಬದಲು ಸೀದಾ ಹುಲ್ಲಿನ ಬಣವೆಗೆ ನುಗ್ಗಿಸಿದರು. ಕಾರು ಅರ್ಧ ಒಳಗೆ, ಅರ್ಧ ಹೊರಗೆ. ಹುಲ್ಲು ಕೊಡವಿಕೊಂಡು ಇಳಿದು, “ಹೊಸ ಕುದುರೆ, ಪಳಗಬೇಕು” ಎಂದರು. ಎಲ್ಲರೂ ನಕ್ಕರು. ಭಾವ ಮಾತ್ರ ಅನುಮಾನದಿಂದ ತಂದೆಯ ಕಣ್ಣು ಪರೀಕ್ಷೆ ಮಾಡಿದರು. ದೂರದ ಮರ ತೋರಿಸಿ, “ಅಪ್ಪಾ, ಆ ಕೊಂಬೆಯಲ್ಲಿ ಕಾಯಿ ಎಷ್ಟು?” ಎಂದು ಕೇಳಿದರು.

“ಏಳು. ಒಂದಕ್ಕೆ ಅಳಿಲು ಬಾಯಿ ಹಾಕಿದೆ, ನೋಡ್ಕೋ ಹೋಗು.”

ನೋಡಿದರೆ ಹೌದು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಕೈ ನಡುಗುವುದಿಲ್ಲ, ಕಣ್ಣು ಚುರುಕು, ಇನ್ನೇನು ಬೇಕು? ಕಾಲನ್ನು ಪರೀಕ್ಷೆ ಮಾಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಆವತ್ತಿನಿಂದಲೇ ಅಕ್ಕ ಮುಂದಿನ ಸೀಟು ಹಿಡಿದಳು. ಅದಕ್ಕೆ ಮೊದಲು ಮಾವನ ಪಕ್ಕ ಕೂರುತ್ತಿದ್ದವರು ಭಾವ. “ನನಗೆ ಹಿಂದೆ ಕೂತ್ರೆ ಹೊಟ್ಟೆ ತೊಳಸುತ್ತೆ” ಎಂದು ಗಂಡನನ್ನು ಹಿಂದಕ್ಕೆ ಕಳಿಸಿ ತಾನು ಹತ್ತಿ ಕೂತಳು. ಕೋಲಾರಕ್ಕೆ ಹೋದರೂ ಅವಳು ಮುಂದೆ, ಶ್ರೀನಿವಾಸಪುರದ ಮಂಡಿಗೆ ಹೋದರೂ ಅವಳು ಮುಂದೆ. ಹಿಂದಿನ ಸೀಟಿನಲ್ಲಿ ಅತ್ತೆ, ನಾನು, ನಮ್ಮಿಬ್ಬರ ತೊಡೆಯ ಮೇಲೆ ಬುಟ್ಟಿಗಳು. ದಾರಿಯಲ್ಲಿ ಜನ ನಿಂತು ನೋಡುತ್ತಿದ್ದದ್ದು ಮುಂದೆ ಕೂತವರನ್ನು.

ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಜಡೆ. ಗಳಿಗೆಗೊಮ್ಮೆ ಅವಳು ಮಾವನ ಕಡೆ ವಾಲಿ ಏನೋ ಹೇಳುವಳು. ಎಂಜಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಕೇಳದು. ಮಾವ ತಲೆಯಾಡಿಸುವರು. ಮತ್ತೆ ಸ್ವಲ್ಪ ದೂರಕ್ಕೆ ಅದೇ. ಅದೇನು ಅಷ್ಟೊಂದು ಗುಟ್ಟು, ಬೀದಿ ಮಧ್ಯೆ! ನಾನು ಬುಟ್ಟಿಯ ಕಡ್ಡಿ ಮುರಿಯುತ್ತ ಕೂರುತ್ತಿದ್ದೆ. ಒಂದು ಸಲ ಮನೆಗೆ ಬರುವಷ್ಟರಲ್ಲಿ ಬುಟ್ಟಿಯ ಒಂದು ಬದಿಯೇ ಬಿಚ್ಚಿಹೋಗಿ ಅತ್ತೆಯಿಂದ ಬೈಸಿಕೊಂಡೆ.

ಸಾಲದ್ದಕ್ಕೆ, ಯಾವ ದಿನ ಕಾರು ತೆಗೆಯಬೇಕು ಎಂಬುದನ್ನೂ ಅವಳೇ ಹೇಳತೊಡಗಿದಳು. “ಇವತ್ತು ಸಂತೆ, ಬೇಡ ಮಾವ.” “ಬೆಳಿಗ್ಗೆ ದನ ಬಿಡೋ ಹೊತ್ತು, ಆಮೇಲೆ ಹೋಗೋಣ.” ಯಾರ ಮಾತನ್ನೂ ಕೇಳದ ಮಾವ ಇವಳಿಗೆ ಮಾತ್ರ ಹೂಂ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮಣೆಗಳನ್ನು ಹುಡುಕುತ್ತ ಹಿಂದಿನ ಕೋಣೆಯ ತನಕ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಅಕ್ಕನ ದನಿ: “ಎನುಮು ವಚ್ಚಿಂದಿ ಮಾಮಾ!” ಎಮ್ಮೆ ಬಂತು ಅಂತ. ಹಿಂದೆಯೇ ದಡಕ್ಕನೆ ಒಂದು ಸದ್ದು. “ಅಯ್ಯೋ, ಎಮ್ಮೆ ಸತ್ತೋಯ್ತು!” ಎಂದಳು. ಇಬ್ಬರೂ ನಕ್ಕರು. ಮತ್ತೆ “ಎದ್ದುಲ ಬಂಡಿ!” ಎತ್ತಿನ ಗಾಡಿ. ಮತ್ತೆ ಸದ್ದು. ಚೌಕಾಬಾರದಂಥ ಯಾವುದೋ ಆಟ ಎಂದುಕೊಂಡೆ. ನನ್ನನ್ನೂ ಕರೆಯಬಹುದಿತ್ತಲ್ಲ? ಮಾಲೂರಿನಲ್ಲಿ ಚೌಕಾಬಾರದಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಬಂದು ಎಂಟು ಮಣೆಗಳನ್ನೇ ಎರಡು ಸಲ ಒರೆಸಿದೆ.

ಹೀಗಿರುವಾಗ ಅಕ್ಕನಿಗೆ ಜ್ವರ ಬಂತು. ಅದೇ ದಿನ ಕೋಲಾರದಲ್ಲಿ ಮಾವನ ಹಳೆಯ ಸ್ನೇಹಿತರ ಮನೆಯಲ್ಲಿ ನಾಮಕರಣ. ಭಾವ, ನಮ್ಮ ಯಜಮಾನರು ಇಬ್ಬರೂ ತೋಪಿನಲ್ಲಿ ಕಾಯಿ ಇಳಿಸುವ ಕೆಲಸದಲ್ಲಿದ್ದರು. ಮಲಗಿದ್ದಲ್ಲಿಂದಲೇ ಅಕ್ಕ, “ಬಸ್ಸಲ್ಲಿ ಹೋಗಿ ಬನ್ನಿ ಮಾವ” ಎಂದಳು. ಮಾವ ಹೊಸ್ತಿಲಲ್ಲಿ ನಿಂತು ಕೀಲಿಯನ್ನು ಕೈಯಲ್ಲಿ ಆಡಿಸುತ್ತಿದ್ದರು.

ತಾನು ಇಲ್ಲದ ದಿನ ಆ ಸೀಟು ಖಾಲಿಯಾದರೂ ಇರಲಿ, ನನಗೆ ಸಿಗಬಾರದು! ನನಗೆ ಹೊಳೆದದ್ದು ಅದೊಂದೇ.

“ನಾನಿದ್ದೀನಲ್ಲ ಮಾವ. ದಾರಿಯಲ್ಲಿ ಎಲೆ ಅಡಿಕೆ ಮಡಿಸಿ ಕೊಡ್ತೀನಿ” ಎಂದೆ. ಮಾವನ ಎದುರು ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಅತ್ತೆ, “ಅವಳೇ ಕೂತ್ಕೊಳ್ಳಲಿ ಬಿಡಿ. ಹಿಂದೆ ಹಣ್ಣಿನ ಬುಟ್ಟಿ ಇಡಬೇಕು, ಜಾಗ ಎಲ್ಲಿದೆ” ಎಂದುಬಿಟ್ಟರು. ಮಾವ ಒಂದು ಗಳಿಗೆ ಯೋಚಿಸಿ, “ಆಯ್ತು, ಬಾಮ್ಮ” ಎಂದರು.

ರೇಷ್ಮೆ ಸೀರೆ ಉಟ್ಟು ಹೊರಟಾಗ ಅಕ್ಕ ಕರೆದಳು. ಕಣ್ಣು ಕೆಂಪಗಿದ್ದವು, ಮೊಣಕೈ ಊರಿ ಏಳಲು ನೋಡುತ್ತಿದ್ದಳು.

“ನೋಡೇ, ಮಾವನ ಪಕ್ಕ ಕೂತಾಗ ನೀನು…”

“ನನಗೂ ಎಲೆ ಮಡಿಸೋಕೆ ಬರುತ್ತೆ ಅಕ್ಕ. ನೀವು ಮಲಗಿ” ಎಂದು ಬಾಗಿಲೆಳೆದುಕೊಂಡು ಬಂದೆ.

ಮುಂದಿನ ಸೀಟಿನಿಂದ ಲೋಕ ಬೇರೆಯೇ. ಗಾಳಿ ನೇರ ಮುಖಕ್ಕೆ. ಬಾವಿಕಟ್ಟೆಯ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ಅವರಲ್ಲಿ ಒಬ್ಬಳು, “ಇವತ್ತು ಚಿಕ್ಕಮ್ಮನೋರು ಮುಂದೆ ಅವ್ರೆ!” ಎಂದದ್ದು ಕಿವಿಗೆ ಬಿದ್ದು, ಅರ್ಧ ಮೈಲಿಯ ತನಕ ನನ್ನ ಬೆನ್ನು ನೆಟ್ಟಗೇ ಇತ್ತು. ಮಾವ ನಡುನಡುವೆ ನನ್ನ ಕಡೆ ನೋಡುತ್ತಿದ್ದರು. ಎಲೆ ಬೇಕೇನೋ ಎಂದು ನಾನು ಮಡಿಸಿ ಮಡಿಸಿ ಕೊಟ್ಟೆ. ಬಾಯಲ್ಲಿ ಒಂದಿರುವಾಗಲೇ ಇನ್ನೊಂದು. ಅಕ್ಕನಿಗಿಂತ ಒಂದು ಕೈ ಹೆಚ್ಚೇ ಆಗಲಿ ಎಂದು.

ಕೋಲಾರದ ರಸ್ತೆ ಸೇರಿ ಸ್ವಲ್ಪ ದೂರ ಹೋಗಿದ್ದೆವು. ಎಡಗಡೆಯ ತೋಪಿನಿಂದ ಮಾವಿನ ಬುಟ್ಟಿ ಹೇರಿದ್ದ ಎತ್ತಿನ ಗಾಡಿಯೊಂದು ನಿಧಾನಕ್ಕೆ ರಸ್ತೆಗೆ ಏರುತ್ತಿತ್ತು. ಬೇಕಾದಷ್ಟು ದೂರವಿತ್ತು. ನಾನು ಅಡಿಕೆ ಆರಿಸುತ್ತಿದ್ದೆ. ಮಾವ “ಹೋ ಹೋ” ಎಂದರು, ಕಾಲು ಒತ್ತಿದರು, ಕಾರು ನಿಲ್ಲುವ ಬದಲು ಮುಂದಕ್ಕೆ ಜಿಗಿಯಿತು. ಅವರು ಇನ್ನೂ ಗಟ್ಟಿಯಾಗಿ ಒತ್ತಿದರು. ಅದು ಇನ್ನೂ ಜೋರಾಗಿ ನುಗ್ಗಿತು. ಗಾಡಿಯ ಹಿಂಬದಿಗೆ ಉಜ್ಜಿಕೊಂಡು ಹೋಗಿ ಹುಣಿಸೆ ಮರದ ಬೇರಿಗೆ ಮೂತಿ ಕೊಟ್ಟು ನಿಂತಿತು. ನನ್ನ ಹಣೆ ಗಾಜಿನ ಚೌಕಟ್ಟಿಗೆ ಬಡಿಯಿತು. ಆ ಗಾಯದ ಗುರುತು ಈಗಲೂ ಬೈತಲೆಯ ಪಕ್ಕದಲ್ಲಿದೆ.

ಎತ್ತುಗಳಿಗೆ ಏನೂ ಆಗಲಿಲ್ಲ. ಬುಟ್ಟಿಗಳು ಉರುಳಿ ರಸ್ತೆಯ ತುಂಬ ಹಣ್ಣು. ಗಾಡಿಯವನು ಹಾರಿಕೊಂಡವನು ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನ್ ಸ್ವಾಮಿ, ಹಣ್ಣು ಬೇಕಿದ್ರೆ ಬಾಯಲ್ಲಿ ಕೇಳಿದ್ರೆ ಕೊಡ್ತಿರ್ಲಿಲ್ವಾ? ಹಿಂಗಾ ಮೇಲೆ ಬೀಳೋದು?”

“ಈ ಹಾಳು ಕಾರಿಗೆ ದೃಷ್ಟಿ ತೆಗೆಸಿ ಅಂದೆ, ನನ್ ಮಾತು ಯಾರು ಕೇಳ್ತಾರೆ!” ಎಂದು ಅತ್ತೆ ಹಿಂದಿನಿಂದ ಕೂಗುತ್ತಿದ್ದರು.

ಮಾವ ಎರಡು ಕೈಯಲ್ಲೂ ಚಕ್ರ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

“ಯಾಕಮ್ಮಾ ನೀನು ಹೇಳಲಿಲ್ಲ?”

“ಏನು ಹೇಳಬೇಕಿತ್ತು ಮಾವ?”

ಅವರು ನನ್ನನ್ನೇ ನೋಡಿದರು. ಆಮೇಲೆ ಕಣ್ಣು ಕೆಳಗಿಳಿಸಿ ತಮ್ಮ ಬಲಗಾಲನ್ನು ನೋಡಿಕೊಂಡರು. ಅದು ಇನ್ನೂ ಅಲ್ಲೇ ಒತ್ತಿಕೊಂಡಿತ್ತು.

ನಮ್ಮನ್ನು ಮನೆ ಮುಟ್ಟಿಸಿದವನು ಅದೇ ಗಾಡಿಯವನು. “ಹತ್ತಿ. ನನ್ ಗಾಡಿಗೆ ಮೂಗುದಾರ ಒಂದೇ, ಎಳೆದ್ರೆ ನಿಂತ್ಕೊಳ್ತದೆ” ಎಂದ. ಮಾವ ಮುಖ ಬೇರೆ ಕಡೆ ತಿರುಗಿಸಿದರು.

ಹಣೆಗೆ ಅರಿಶಿನ ಒತ್ತಿಕೊಂಡು ಅಕ್ಕನ ಹಾಸಿಗೆಯ ಹತ್ತಿರ ಹೋದೆ. ಅವಳು ಗಾಯವನ್ನು ನೋಡಿದಳು.

“ಕಾಲು ನೋಡ್ತಿರ್ಲಿಲ್ವಾ ನೀನು?”

“ಕಾಲು ಯಾಕೆ ನೋಡಲಿ? ರಸ್ತೆ ನೋಡ್ತಿದ್ದೆ. ಜನ ನೋಡ್ತಿದ್ದೆ.”

“ನಾನು ಒಂದು ದಿನಾನೂ ರಸ್ತೆ ನೋಡಿಲ್ಲ ಕಣೇ. ಕೋಲಾರದ ಬೆಟ್ಟ ಯಾವ ಕಡೆ ಬರುತ್ತೆ ಅಂದ್ರೆ ಗೊತ್ತಿಲ್ಲ. ಅವರ ಕಾಲು ನೋಡ್ಕೊಂಡೇ ಹೋಗಿ, ಕಾಲು ನೋಡ್ಕೊಂಡೇ ಬರ್ತಿದ್ದೆ.”

ಆಮೇಲೆ ಎಲ್ಲ ಹೇಳಿದಳು. ಹಳೆಯ ಕಾರಿನಲ್ಲೂ ಕಾಲಿಗೆ ಮೂರೇ ಪೆಡಲು, ಆದರೆ ಬಲಗಡೆಯದು ಬ್ರೇಕು. ವೇಗಕ್ಕೆ ಕೈಯಲ್ಲಿ ತಿರುಗಿಸುವ ಚಕ್ರದ ಕೆಳಗೆ ಒಂದು ಕಡ್ಡಿ, ಕೈಯಲ್ಲಿ ಎಳೆಯುವುದು. ಹೊಸ ಕಾರಿನಲ್ಲಿ ಬ್ರೇಕು ನಡುವಿನದು, ಬಲಗಡೆಯದು ವೇಗಕ್ಕೆ. ಸಮಾಧಾನವಾಗಿರುವಾಗ ಮಾವನಿಗೆ ಎಲ್ಲ ನೆನಪಿರುತ್ತದೆ. ಏನಾದರೂ ಅಡ್ಡ ಬಂತೋ, ಕಾಲು ತಾನಾಗಿ ಹಳೆಯ ಜಾಗಕ್ಕೆ ಹೋಗುತ್ತದೆ. ಬಣವೆಗೆ ನುಗ್ಗಿದ ದಿನ ಹುಲ್ಲು ತೆಗೆಯುತ್ತಿದ್ದ ಅಕ್ಕನಿಗೆ ಮಾವನೇ ಹೇಳಿದರಂತೆ. ಆವತ್ತಿನಿಂದ ಇವಳು ಪಕ್ಕದಲ್ಲಿ ಕೂತು, ದೂರದಲ್ಲಿ ಎಮ್ಮೆ ಕಂಡರೂ ಗಾಡಿ ಕಂಡರೂ, “ನಡಿಮಿದಿ ಮಾಮಾ, ನಡಿಮಿದಿ” ಎನ್ನುತ್ತಿದ್ದಳು. ನಡುವಿನದು, ನಡುವಿನದು. ನಾನು ಸರಸದ ಮಾತು ಎಂದುಕೊಂಡದ್ದು ಇದು. ಮೂರು ಮಣೆ ಸಾಲಾಗಿ ಇಟ್ಟು ಕಾಲಿಗೆ ಪಾಠ ಹೇಳುತ್ತಿದ್ದಳು. ಅದು ನಾನು ಹೊಟ್ಟೆ ಉರಿಸಿಕೊಂಡ ಆಟ.

“ಭಾವನಿಗೆ ಯಾಕೆ ಹೇಳಲಿಲ್ಲ ಅಕ್ಕ?”

“ಹೇಳಿದ್ರೆ ಕೀಲಿ ಕಿತ್ಕೊಳ್ತಿದ್ರು. ಈ ಸಲದ ಕಾಯಿ ಮುಗಿಯೋವರೆಗೂ ತಡಿಯೇ ಅಂತ ಮಾವ ನನ್ನ ಕೈ ಹಿಡ್ಕೊಂಡು ಕೇಳಿದ್ರು. ಹೇಳಬೇಕಿತ್ತು. ತಪ್ಪು ನಂದೇ.”

ನೀವು ಬೆಳಿಗ್ಗೆ ಹೇಳಲು ಬಂದಿರಿ, ನಾನೇ ಬಾಯಿ ಮುಚ್ಚಿಸಿದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಆ ಹೊತ್ತಿನಲ್ಲಿ ನನಗಾದದ್ದು ನಾಚಿಕೆ ಎಂದು ಬರೆದರೆ ಸುಳ್ಳಾಗುತ್ತದೆ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಅದೇ ಹಳೆಯ ಉರಿ, ಇನ್ನೂ ಸ್ವಲ್ಪ ಆಳಕ್ಕೆ ಇಳಿದು. ಇಡೀ ಊರಿಗೆ ಬಚ್ಚಿಟ್ಟ ಸೋಲನ್ನು ಮಾವ ಇವಳ ಕೈಯಲ್ಲಿಟ್ಟಿದ್ದರು. ನನಗೆ ಕೊಟ್ಟದ್ದು ಬರೀ ಸೀಟು.

ಸಂಜೆ ಭಾವ ತೋಪಿನಿಂದ ಬಂದಾಗ ಮಾವ ತಾವಾಗಿಯೇ ಸೊಂಟದಿಂದ ಕೀಲಿ ಬಿಚ್ಚಿದರು.

“ತಗೊಳ್ಳೋ. ಕಣ್ಣು ನನ್ನ ಹತ್ರ ಇದೆ, ಕೈ ಇದೆ. ಕಾಲು ಮಾತ್ರ ಹಳೇ ಕಾರಲ್ಲೇ ಉಳ್ಕೊಂಡ್ಬಿಡ್ತು.”

ಮಾವ ಜಗಲಿ ಇಳಿದು ಹೋಗಿಬಿಟ್ಟರು. ಆ ರಾತ್ರಿ ಊಟಕ್ಕೆ ಹನ್ನೊಂದು ಮಣೆಯೂ ಗೋಡೆಗಿದ್ದವು. ಎಣಿಸಿದೆ.

ಮುಂದಿನ ವರ್ಷದ ಹೊತ್ತಿಗೆ ಸಂಬಳದ ಡ್ರೈವರ್ ಬಂದ. ಪಕ್ಕದ ಸೀಟಿನಲ್ಲಿ ಈಗ ಮಾವನೇ ಕೂರುತ್ತಿದ್ದರು. ಅಕ್ಕನೂ ನಾನೂ ಹಿಂದೆ, ತೊಡೆಯ ಮೇಲೆ ಬುಟ್ಟಿ. ಈಗ ಕಾಲು ನೋಡುವುದು ನನಗೂ ಬರುತ್ತಿತ್ತು. ಒಂದು ದಿನ ಮುಳಬಾಗಿಲಿಗೆ ಹೋಗುವಾಗ ಎಮ್ಮೆಯೊಂದು ರಸ್ತೆಗೆ ಬಂತು. ಡ್ರೈವರ್ ಬ್ರೇಕು ಹಾಕಿದ. ಏನೂ ಇಲ್ಲದ ತಗಡಿನ ಮೇಲೆ ಮಾವನ ಬಲಗಾಲು ಸರಕ್ಕನೆ ಚಾಚಿ ಬಲಗಡೆಗೆ ಒತ್ತಿತು. ಅಕ್ಕ ಬಾಯಿ ತೆರೆಯುವ ಮುಂಚೆ ನಾನು ಮುಂದಕ್ಕೆ ಬಾಗಿದೆ.

“ನಡಿಮಿದಿ ಮಾಮಾ.”

“ತೆಲುಸು ಲೇವೇ” ಎಂದರು ಮಾವ, ತಿರುಗದೆ, ನಗುತ್ತ. ಗೊತ್ತು ಬಿಡೇ ಅಂತ. ಅಕ್ಕನಿಗೆ ಹೇಳುವ ದನಿಯಲ್ಲಿ, ಅಕ್ಕನೆಂದೇ ತಿಳಿದು.

ಅಕ್ಕ ನನ್ನ ಮುಖ ನೋಡಿದಳು. ಅವಳು ತಿದ್ದಬಹುದಿತ್ತು, ತಿದ್ದಲಿಲ್ಲ. ತೊಡೆಯ ಮೇಲಿದ್ದ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ನನಗೆ ಸ್ವಲ್ಪ ಜಾಗ ಬಿಟ್ಟಳು. ಯುದ್ಧ ಬಂದು ಪೆಟ್ರೋಲು ಸಿಗದೆ ಕಾರು ಕೊಟ್ಟಿಗೆಯಲ್ಲಿ ನಿಂತಿತು, ಅದಾದ ಮೇಲೆ ಮಾವನೂ ಹೋದರು. ಆವತ್ತು ಹೇಳಿದವಳು ನಾನು ಎಂದು ಅವರಿಗೆ ನಾನೂ ತಿಳಿಸಲಿಲ್ಲ, ಅಕ್ಕನೂ ತಿಳಿಸಲಿಲ್ಲ.