ಬಲಗೈಗೆ ಕೊಟ್ಟ ಕ್ರೋಶಾ ಕಡ್ಡಿ

೨೦೦೬ನೆಯ ಇಸವಿ. ಹೈದರಾಬಾದಿನ ಗಚ್ಚಿಬೌಲಿ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್. ಅಂದರೆ, ಕೈಗೆ ಪೆಟ್ಟೋ ನೋವೋ ಆದವರು ತಮ್ಮ ಕೆಲಸ ಮತ್ತೆ ತಾವೇ ಮಾಡಿಕೊಳ್ಳುವ ಹಾಗೆ ಮಾಡುವವಳು. ಸುತ್ತೆಲ್ಲ ಐಟಿ ಕಂಪನಿಗಳು ಏಳುತ್ತಿದ್ದವು. ಬರುವವರಲ್ಲಿ ಮುಕ್ಕಾಲು ಮಂದಿ ಮೌಸ್ ಹಿಡಿದು ಮಣಿಕಟ್ಟು ನೋಯಿಸಿಕೊಂಡವರು. ನನ್ನೂರು ಬಾಗಲಕೋಟೆ. ದಿನವಿಡೀ ತೆಲುಗು, ಹಿಂದಿ ಮಾತಾಡಿ ತಾರ್ನಾಕದ ಬಾಡಿಗೆ ಕೋಣೆಗೆ ಮರಳಿದರೆ ಅಲ್ಲಿ ಗೋಡೆ ಬಿಟ್ಟು ಇನ್ನಾರೂ ಇರುತ್ತಿರಲಿಲ್ಲ. ಒಂಟಿಯಾಗಿದ್ದೆ ಎಂದು ಹೇಳಲು ಈಗ ನಾಚಿಕೆಯಿಲ್ಲ. ಆಗ ಇತ್ತು.

ಆ ಬೇಸಿಗೆಯಲ್ಲಿ ಮಹಾನಂದಾ ಬಂದಳು. ಭಾಲ್ಕಿ ಕಡೆಯವಳು, ಮೂವತ್ತೈದರ ಆಸುಪಾಸು. ಗಂಡ ಕಟ್ಟಡ ಕಂಪನಿಯೊಂದರಲ್ಲಿ ಸೈಟ್ ಎಂಜಿನಿಯರ್. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆಗೆ. ಮಕ್ಕಳಿಲ್ಲ. ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬಳೇ ಕೂತು ಕ್ರೋಶಾ ಹಾಕುತ್ತಿದ್ದಳು. ತುದಿಗೆ ಸಣ್ಣ ಕೊಕ್ಕೆಯಿರುವ ಕಡ್ಡಿಯಿಂದ ದಾರ ಎಳೆದು ಹೆಣೆಯುವ ಕೆಲಸ ಅದು. ಎಡಗೈ ಹೆಬ್ಬೆರಳಿನ ಬುಡ ಊದಿತ್ತು. ಆರು ವಾರದಲ್ಲಿ ಇಳಿಯದಿದ್ದರೆ ಹೆಣಿಗೆ ಪೂರ್ತಿ ಬಿಡಬೇಕೆಂದು ಮೂಳೆ ಡಾಕ್ಟರು ಬರೆದಿದ್ದರು.

"ಈ ಊರಾಗ ನನಗ ಇದೊಂದ ಐತ್ರಿ. ಇದನ್ನೂ ಬಿಡು ಅಂದ್ರ ಹುಚ್ಚ ಹಿಡಿತೈತಿ," ಅಂದಳು.

ಆ "ಐತ್ರಿ" ಕೇಳಿ ನನ್ನ ಜೀವಕ್ಕೆ ಎಷ್ಟು ಹಿತವಾಯಿತೆಂದರೆ, ಬುದ್ಧಿ ಅಲ್ಲೇ ಅರ್ಧ ಕೈಕೊಟ್ಟಿತು. ಫಾರ್ಮಿನಲ್ಲಿ ಕೆಲಸದ ಕೈ ಯಾವುದೆಂಬ ಕಾಲಂ ಇದೆ. ಕೇಳಿದೆ. "ಬಲಗೈರಿ." ಬರೆದುಕೊಂಡೆ.

ನನ್ನ ತರ್ಕ ಸಲೀಸಾಗಿತ್ತು. ಬಲಗೈಯವರು ಕಡ್ಡಿಯನ್ನು ಬಲಗೈಯಲ್ಲಿ, ದಾರವನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ಆಕೆಯ ಸ್ಟೀಲ್ ಕಡ್ಡಿ ಅಗರಬತ್ತಿಯಷ್ಟು ತೆಳು. ಅದನ್ನು ಬಿಗಿಯಾಗಿ ಚಿವುಟಿ ಹಿಡಿದರೆ ದಾರದ ಕೈಯೂ ಬಿಗಿಯಾಗುತ್ತದೆ. ಹಿಡಿಕೆ ದಪ್ಪ ಮಾಡಿದರೆ ಎರಡೂ ಸಡಿಲ. ಬಿಸಿನೀರಿನಲ್ಲಿ ಮೆತ್ತಗಾಗುವ ಥರ್ಮೋಪ್ಲಾಸ್ಟಿಕ್ ಕಡ್ಡಿಗೆ ಸುತ್ತಿ, ಆಕೆಯ ಬಲಗೈ ಮುಷ್ಟಿಯ ಅಚ್ಚು ತೆಗೆದು, ಹೆಬ್ಬೆರಳಿಗೊಂದು ಕುಳಿ ಮಾಡಿಕೊಟ್ಟೆ. ನನ್ನ ಕೈಕೆಲಸಕ್ಕೆ ನಾನೇ ಶಭಾಷ್ ಅಂದುಕೊಂಡೆ.

ವಾರಕ್ಕೆರಡು ಸಲ ಬಂದಳು. ನನ್ನೆದುರು ಹೆಣೆಯುವಾಗ ಭಾಳ ನಿಧಾನ, ಒಂದು ಕುಣಿಕೆ ದೊಡ್ಡದು ಒಂದು ಸಣ್ಣದು. ನೋವಿಗೆ ಹೀಗೆ ಅಂದುಕೊಂಡೆ. ನಿಜ ಹೇಳುತ್ತೇನೆ, ನಾನು ನೋಡಲೇ ಇಲ್ಲ. ಮಾತಾಡಿದೆ. ರೊಟ್ಟಿ, ಶೇಂಗಾ ಚಟ್ನಿ, ಶಾಲೆಯ ಮಾಸ್ತರು... ಬಾಯಿಗೆ ಕನ್ನಡ ಸಿಕ್ಕಿತ್ತು, ಬಿಡಲಿಲ್ಲ. ಐದನೇ ವಾರ ಊತ ಇಳಿಯುವ ಬದಲು ಏರಿತ್ತು.

"ಹಿಡಿಕಿ ಚಲೋ ಐತ್ರಿ," ಅಂದಳು. ನನ್ನ ಮನಸ್ಸು ನೋಯಿಸಬಾರದಲ್ಲ!

ಆಕೆ ಕೂರುವ ಕುರ್ಚಿಯಲ್ಲೇ ಏನಾದರೂ ದೋಷವಿರಬೇಕೆಂದು ಮನೆ ನೋಡಲು ಹೊರಟೆ. ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಮುಟ್ಟಿದೆ. ನಾನು ಬರುತ್ತೇನೆಂದು ಬಾಗಿಲಿನ ಚಿಲಕ ತೆಗೆದೇ ಇಟ್ಟಿದ್ದಳು. ಒಳಗೆ ಹೋದರೆ, ಬಾಲ್ಕನಿ ಬೆಳಕಿಗೆ ಮುಖ ಮಾಡಿ ಕೂತು ಹೆಣೆಯಾಕತ್ತಿದ್ದಳು. ಸರಸರ, ಒಂದೇ ಸಮ ಕುಣಿಕೆ. ಎಡಗೈಲೆ!

ಸಪ್ಪಳಾದದ್ದೇ ತಡ, ಕಡ್ಡಿ ಬಲಗೈಗೆ ಹೋಯಿತು. ಎಡಗೈ ಸೆರಗಿನೊಳಗೆ ಸೇರಿತು.

ನಾನು ಮಾಡಿಕೊಟ್ಟ ಹಿಡಿಕೆ ಈಸಿಕೊಂಡು ನೋಡಿದೆ. ಎಡಗೈಯಲ್ಲಿ ಹಿಡಿದರೆ ನನ್ನ ಚಂದದ ಕುಳಿಯ ಅಂಚು ಸರಿಯಾಗಿ ನೋವಿನ ಜಾಗಕ್ಕೇ ಒತ್ತುತ್ತಿತ್ತು. ಆಕೆ ಪಾಪ, ಹಳೆ ಸೀರೆಯ ಚಿಂದಿ ತುರುಕಿ ಆ ಕುಳಿ ಮುಚ್ಚಿಕೊಂಡಿದ್ದಳು.

"ಮೊದಲ ಯಾಕ ಹೇಳಲಿಲ್ಲ?"

"ಎಡಗೈಲೆ ಹೆಣದ್ರ ನಮ್ಮ ಸೋದರತ್ತಿ ಬೆರಳಿಗೆ ಹೊಡಿತಿದ್ರು ಬಾಯಾರ. ಮಂದಿ ಮುಂದ ಬಲಗೈ. ಒಬ್ಬಾಕಿನ ಇದ್ದಾಗ ಇದು. ಇಲ್ಲಿ ದಿನಾ ಒಬ್ಬಾಕಿನ."

ಐದು ವಾರ ಆ ಹೆಣ್ಣಿಗೆ ನೋವು ಕೊಟ್ಟಿದ್ದು ನಾನು. ಅಯ್ಯ ಶಿವನೇ, ಎಂಥ ದಡ್ಡಿ ನಾನು!

ಡಾಕ್ಟರ ಕೈಕಾಲು ಹಿಡಿದು ಇನ್ನೊಂದು ತಿಂಗಳು ಗಡುವು ಪಡೆದೆ. ಭಾನುವಾರ ಇಬ್ಬರೂ ಬೇಗಂ ಬಜಾರಿಗೆ ಹೋದೆವು. ಕಡ್ಡಿ ಆರಿಸುವ ಬಗೆ ಹೇಳಿದೆ: ಕೊಕ್ಕೆಯ ಬಾಯಲ್ಲಿ ದಾರ ಎಳೆದು ನೋಡು, ಎಲ್ಲಾದರೂ ತಡೆದರೆ ಆ ಕಡ್ಡಿ ಬೇಡ. ಹಿಡಿಕೆ ಪೆನ್ಸಿಲಿಗಿಂತ ದಪ್ಪ ಇರಲಿ, ಬೆರಳು ಬಿಗಿಯದೆ ನಿಲ್ಲಬೇಕು. ತೂಕ ಹಗುರ ಇರಲಿ. ಕೊನೆಗೆ, ಅಂಗಡಿಯಲ್ಲೇ ನಾಕು ಕುಣಿಕೆ ಹಾಕಿ ನೋಡು.

ಆಕೆ ಕಡ್ಡಿ ಎಡಗೈಗೆ ತಗೊಂಡಳು. ಅಂಗಡಿಯವನು ಕಣ್ಣು ಬಿಟ್ಟುಕೊಂಡು ನೋಡಿದ. ಆಕೆಯ ಕೈ ಹಿಂದಕ್ಕೆ ಸರಿಯಿತು.

"ಕ್ಯಾ ದೇಖ್ ರೈ ಭಾಯಿ? ಅಪ್ನಾ ಕಾಮ್ ದೇಖೋ!" ಏನ್ ನೋಡ್ತಿ, ನಿನ್ನ ಕೆಲಸ ನೋಡ್ಕೋ ಎಂದು ಅವನಿಗೆ ಹಿಂದಿಯಲ್ಲಿ ಗದರಿದೆ. ಮಹಾನಂದಾ ಪಕ್ಕನೆ ನಕ್ಕಳು. ಹತ್ತಾರು ಕಡ್ಡಿ ತಿರುವಿ ಹಾಕಿ, ಮರದ ಗುಂಡು ಹಿಡಿಕೆಯದೊಂದು ಆರಿಸಿದಳು. ಯಾವ ಕುಳಿಯೂ ಇಲ್ಲದ ಸಾದಾ ಹಿಡಿಕೆ.

ನಾಲ್ಕು ವಾರದಲ್ಲಿ ಊತ ಇಳಿಯಿತು. ಕೊನೆಯ ದಿನ ವೇಟಿಂಗ್ ಹಾಲಿನಲ್ಲಿ ಎಲ್ಲರೆದುರು ಎಡಗೈಯಲ್ಲೇ ಹೆಣೆಯುತ್ತ ಕೂತಿದ್ದಳು. ಗುಣವಾಗಿದೆ, ಇನ್ನು ಬರುವ ಅಗತ್ಯವಿಲ್ಲ ಎಂದೆ.

"ನೋವಿಲ್ಲಂದ್ರ ಬರಬಾರದೇನ್ರಿ?"

"ಆಸ್ಪತ್ರಿ ರೂಲ್ಸ್ ಹಂಗ ಐತಿ," ಎಂದು ಫೈಲ್ ಮುಚ್ಚಿದೆ. ತಲೆಯಾಡಿಸಿ ಹೋದಳು. ಮತ್ತೆ ಬರಲಿಲ್ಲ.

ಅಂದಿನಿಂದ ನಿವೃತ್ತಿಯವರೆಗೂ ನಾನು ಫಾರ್ಮಿನ ಆ ಕಾಲಂ ನಂಬಲಿಲ್ಲ. ಬಂದವರ ಕೆಲಸದ ಸಾಮಾನು ಮೇಜಿನ ಮೇಲೆ ಹರವಿ, ನೀರು ಕುಡಿಯುವ ನೆಪದಲ್ಲಿ ಕಿಟಕಿ ಕಡೆ ತಿರುಗಿ ನಿಂತು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಯಾರೂ ನೋಡದಾಗ ಯಾವ ಕೈ ಮುಂದೆ ಬರುತ್ತದೋ ಸಾಧನ ಆ ಕೈಗೆ ಒಪ್ಪಬೇಕು. ವೃತ್ತಿ ನನಗೆ ಕಲಿಸಿದ್ದು ಇದು.

ಆದರೆ ಆಕೆ ಆ ದಿನ ಕೇಳಿದ್ದು ಕೈಯ ಮಾತಲ್ಲ. "ಬಾರವ್ವ, ತಾರ್ನಾಕದಾಗ ನನ್ನ ಕೋಣಿ ಐತಿ, ಭಾನುವಾರ ನಾನೂ ಒಬ್ಬಾಕಿನ ಇರ್ತೀನಿ." ಇಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆ ತುದಿಯಲ್ಲಿತ್ತು. ಹೇಳಲಿಲ್ಲ.