ರೇಡಿಯೊಗಿಂತ ಮೊದಲು ಬಂದ ಹಲಗೆ

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ೧೯೬೪ರ ರಾಮನವಮಿ ಇನ್ನೂ ದೂರವಿರುವಾಗಲೇ ರಾಮಪ್ರಸಾದರು ಬಡಗಿಯನ್ನು ಕರೆಸಿ ನಡುಮನೆಯ ಗೋಡೆಗೆ ಒಂದು ಹಲಗೆ ಹೊಡೆಸಿದರು. ಹೆಂಡತಿ ಕಾತ್ಯಾಯಿನಿಯಿಂದ ಅದರ ಮೇಲೆ ಕಸೂತಿ ಬಟ್ಟೆ ಹಾಸಿಸಿದ್ದೂ ಆಯಿತು. ಬಂದವರೆಲ್ಲ ಯಾವ ದೇವರನ್ನು ಕೂರಿಸುತ್ತೀರಿ ಎಂದು ಕೇಳುವವರೇ. ರೇಡಿಯೊ ಬರುತ್ತದೆ ಎಂದರು ರಾಮಪ್ರಸಾದರು. ಎಲ್ಲಿಂದ ಎಂದರೆ, ರಾಮೋತ್ಸವದ ಆಟದಲ್ಲಿ ಗೆದ್ದು ತರುತ್ತೇನೆ ಎಂದರು. ‘ಗೆದ್ದರೆ’ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ.

ರೇಡಿಯೊ ಇದ್ದದ್ದು ಪಕ್ಕದ ಮನೆಯ ಸೀತಮ್ಮನವರಲ್ಲಿ. ಸಂಜೆ ಸಂಗೀತ ಶುರುವಾದರೆ ಕಾತ್ಯಾಯಿನಿ ಕರಿಬೇವು ಕೀಳುವ ನೆಪದಲ್ಲಿ ಕಾಂಪೌಂಡಿನ ಪಕ್ಕ ಹೋಗಿ ನಿಲ್ಲುತ್ತಿದ್ದಳು. ಗಿಡ ಬೋಳಾಗುತ್ತಾ ಬಂದಿತ್ತು. ಒಂದು ಸಂಜೆ, ಪಲ್ಲವಿ ಮುಗಿದು ಅನುಪಲ್ಲವಿ ಏಳುವ ಹೊತ್ತಿಗೆ ಸರಿಯಾಗಿ, ಸೊಳ್ಳೆ ಬರುತ್ತವೆ ಎಂದು ಸೀತಮ್ಮನವರು ಕಿಟಕಿ ಮುಚ್ಚಿದರು. ಕಾತ್ಯಾಯಿನಿ ಒಳಗೆ ಬಂದು ಸಾರಿಗೆ ಒಗ್ಗರಣೆ ಹಾಕಿದಳು. ಅವಳು ಇನ್ನೊಬ್ಬರ ಕಿಟಕಿಯ ಕೆಳಗೆ ನಿಲ್ಲಬಾರದು ಎಂದು ರಾಮಪ್ರಸಾದರು ನಿಶ್ಚಯಿಸಿದ್ದು ಆಗ.

ರಾಮಪ್ರಸಾದರು ಸರ್ಕಾರಿ ಕಚೇರಿಯ ಗುಮಾಸ್ತರು. ನಮ್ಮಂಥ ಗುಮಾಸ್ತರಿಗೆಲ್ಲ ಇರುವಂತೆ ಅವರಿಗೂ ಸಂಬಳಕ್ಕಿಂತ ಸಿದ್ಧಾಂತಗಳು ಹೆಚ್ಚು. ಬಸ್ಸಿನಲ್ಲಿ ಸೀಟು ಸಿಗಬೇಕೆಂದು ಒಂದು ಸ್ಟಾಪು ಹಿಂದಕ್ಕೆ ನಡೆದುಹೋಗಿ ಹತ್ತುವುದು ಅವರ ಸಿದ್ಧಾಂತ. ಹಾಗೆ ನಡೆಯುವಾಗ ಬಸ್ಸು ಎದುರಿನಿಂದ ಬಂದು ಹೋಗಿಬಿಡುತ್ತಿದ್ದದ್ದೂ ಉಂಟು. ಅದರಿಂದ ಸಿದ್ಧಾಂತಕ್ಕೆ ಏನೂ ಧಕ್ಕೆಯಾಗಿರಲಿಲ್ಲ.

ರಾಮೋತ್ಸವದ ಆಟ ಮಿತ್ರಮಂಡಳಿಯವರು ಹುಟ್ಟುಹಾಕಿದ್ದು. ವೇದಿಕೆಯ ಮೇಲೆ ಊರಿಗೆಲ್ಲ ಗೊತ್ತಿರುವ ಮೂವರನ್ನು ಹಾರ ಹಾಕಿ ಕೂರಿಸುತ್ತಾರೆ. ಆಡಲು ಬಂದವರು ಅವರಲ್ಲಿ ಒಬ್ಬರನ್ನು ನೆರವಿಗೆ ಆರಿಸಿಕೊಳ್ಳಬೇಕು. ಮೂರು ಪ್ರಶ್ನೆ. ಇಬ್ಬರೂ ‘ಒಪ್ಪಿಗೆ’ ಎಂದ ಮೇಲೇ ಉತ್ತರ ಲೆಕ್ಕಕ್ಕೆ. ಮೂರೂ ಸರಿಯಾದರೆ ಬಹುಮಾನ. ಆ ವರ್ಷ ಅಂಗಡಿಯವರೊಬ್ಬರು ಕೊಟ್ಟ ರೇಡಿಯೊ.

ಹಿಂದಿನ ವರ್ಷಗಳ ಆಟವನ್ನೆಲ್ಲ ರಾಮಪ್ರಸಾದರು ಮುಂದಿನ ಸಾಲಿನಲ್ಲಿ ಕೂತು ನೋಡಿದ್ದರು. ಜನ ಆರಿಸುತ್ತಿದ್ದದ್ದು ಅತಿ ದೊಡ್ಡ ವಿದ್ವಾಂಸರನ್ನೇ, ಸೋಲುತ್ತಿದ್ದದ್ದೂ ಅದಕ್ಕೇ. ಹಾರ ಹಾಕಿಸಿಕೊಂಡು ಶಾಲು ಹೊದ್ದ ಹಿರಿಯರು ತಪ್ಪು ಹೇಳಿದರೆ, ಸರಿ ಗೊತ್ತಿದ್ದವನೂ ಸಭೆಯಲ್ಲಿ ಅಲ್ಲ ಎನ್ನುತ್ತಿರಲಿಲ್ಲ. ಕೈಮುಗಿದು ‘ಒಪ್ಪಿಗೆ’ ಎಂದು, ಒಂದು ಲೋಟ ಪಾನಕ ಕುಡಿದು ಕೆಳಗಿಳಿಯುತ್ತಿದ್ದ.

“ತಿಳಿದೋರನ್ನ ಆರಿಸಬಾರದು ಕಣೇ. ನಾವು ಬೇಡ ಅಂದ್ರೆ ಸುಮ್ಮನಾಗೋರನ್ನ ಆರಿಸಬೇಕು,” ಎಂದರು ರಾಮಪ್ರಸಾದರು ಊಟಕ್ಕೆ ಕೂತು.

ಈ ಸಲ ವೇದಿಕೆಗೆ ಬರುವವರು ಗಮಕಿ ಪರಮಶಿವಯ್ಯನವರು, ಯಡಿಯೂರಿನ ಪೈಲ್ವಾನ್ ಚಿಕ್ಕಬೈರಪ್ಪ ಮತ್ತು ನಾಟಕ ಕಂಪನಿಯ ಹಾಸ್ಯನಟ ತಿರುಮಲೇಶ. ಗಮಕಿಗಳಿಗೆ ಎದುರಾಡುವಂತಿಲ್ಲ, ಪೈಲ್ವಾನರಿಗೆ ಎದುರಾಡಿದರೆ ಮೈಗೆ ಒಳ್ಳೆಯದಲ್ಲ. ಉಳಿದವನು ತಿರುಮಲೇಶ. ವಯಸ್ಸಿನಲ್ಲಿ ಚಿಕ್ಕವನು, ‘ಲೋ’ ಅಂದರೂ ನಡೆಯುತ್ತದೆ.

ಕಾತ್ಯಾಯಿನಿ ಮಜ್ಜಿಗೆ ಬಡಿಸುತ್ತಾ ಕೇಳಿದಳು: “ಅಲ್ಲಾ ರೀ, ನೀವು ಅವನಿಗೆ ಬೇಡ ಅನ್ನಬಹುದು. ಅವನು ನಿಮಗೆ ಬೇಡ ಅನ್ನಬಹುದಾ?”

ಅದಕ್ಕೆ ಸಂದರ್ಭವೇ ಬರುವುದಿಲ್ಲ ಎಂದು ರಾಮಪ್ರಸಾದರು ಕೈತೊಳೆಯಲು ಎದ್ದರು.

ರಾಮನವಮಿಯ ಸಂಜೆ ಚಪ್ಪರ ಕಿಕ್ಕಿರಿದಿತ್ತು. ಪ್ರಶ್ನೆ ಕೇಳುವವರು ಮಂಡಳಿಯ ಕಾರ್ಯದರ್ಶಿ ಗಂಗಾಧರಯ್ಯನವರು. ರಾಮಪ್ರಸಾದರು ಇಸ್ತ್ರಿಯ ಪಂಚೆಯುಟ್ಟು ವೇದಿಕೆ ಹತ್ತಿ ತಿರುಮಲೇಶನನ್ನು ಆರಿಸಿಕೊಂಡಾಗ ಜನ ನಕ್ಕರು. ನಗಲಿ ಎಂದುಕೊಂಡರು ಅವರು. ಮೊದಲ ಪ್ರಶ್ನೆಗೆ ತಿರುಮಲೇಶ ಏನೋ ಹೇಳಲು ಹೋದ, ಇವರು ತಡೆದು ತಮ್ಮ ಉತ್ತರ ಹೇಳಿದರು. ಸರಿ ಬಂತು. ಎರಡನೆಯದೂ ಹಾಗೇ. ಹಲಗೆಯ ಮೇಲೆ ರೇಡಿಯೊ ಆಗಲೇ ಹಾಡುತ್ತಿರುವಂತೆ ರಾಮಪ್ರಸಾದರ ಮುಖ ಅರಳಿತು.

ಮೂರನೆಯ ಪ್ರಶ್ನೆ: ಅಶೋಕವನದಲ್ಲಿ ತನ್ನ ಕನಸನ್ನು ಹೇಳಿ ಸೀತೆಯ ಪರ ಮಾತಾಡಿದ ರಾಕ್ಷಸಿ ಯಾರು?

“ಸರಮೆ,” ಎಂದರು ರಾಮಪ್ರಸಾದರು, ತಿರುಮಲೇಶನ ಕಡೆ ನೋಡದೆಯೇ. ತಿರುಮಲೇಶ ಬಾಯಿ ತೆರೆದ, ಮುಚ್ಚಿದ, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. ಕೊನೆಗೆ ಮೈಕಿನ ಮುಂದೆ ಬಗ್ಗಿ ‘ಒಪ್ಪಿಗೆ’ ಎಂದ.

ಉತ್ತರ ತ್ರಿಜಟೆ. ಚಪ್ಪರವಿಡೀ ಅಯ್ಯೋ ಎಂದಿತು. ಮೆಟ್ಟಿಲಿಳಿಯುವಾಗ ರಾಮಪ್ರಸಾದರು, ನಿನಗೂ ಗೊತ್ತಿರಲಿಲ್ಲವೇನೋ ಎಂದು ಪಿಸುಗುಟ್ಟಿದರು.

“ಗೊತ್ತಿಲ್ಲದೆ ಏನ್ ಸಾರ್. ಕಂಪನೀಲಿ ಮೂರು ವರ್ಷ ತ್ರಿಜಟೆ ಪಾರ್ಟು ಮಾಡಿದೋನೇ ನಾನು. ಹಿರಿಯರು ನೀವು ಹೇಳಿದ್ಮೇಲೆ, ಅಷ್ಟು ಜನದ ಮುಂದೆ ಅಲ್ಲ ಅನ್ನೋಕಾಗುತ್ತಾ?”

ರಾಮಪ್ರಸಾದರಿಗೆ ಮಜ್ಜಿಗೆ ಬಡಿಸುತ್ತಿದ್ದ ಕೈ ನೆನಪಾಯಿತು. ಸಂಕೋಚದಿಂದ ಹೆಂಗಸರ ಜಮಖಾನೆಯ ಕಡೆ ನೋಡಿದರೆ ಕಾತ್ಯಾಯಿನಿ ಅಲ್ಲಿರಲಿಲ್ಲ. ಇನ್ನು ಯಾರಾದರೂ ಆಡುವವರಿದ್ದಾರೆಯೇ ಎಂದು ಗಂಗಾಧರಯ್ಯನವರು ಕೇಳಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತುತ್ತಿದ್ದಳು. ಅಲ್ಲಿಯವರೆಗೆ ಯಾವ ಹೆಂಗಸೂ ಹತ್ತಿರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ.

ಅವಳು ಆರಿಸಿದ್ದು ಚಿಕ್ಕಬೈರಪ್ಪನನ್ನು. ಈ ಸಲ ಜನ ನಗಲೂ ಮರೆತರು. ರಾಮಪ್ರಸಾದರಿಗೆ ಮಾತ್ರ ಥಟ್ಟನೆ ಅರ್ಥವಾಯಿತು. ಪೈಲ್ವಾನರ ಹಸುಗಳ ಹಾಲೇ ಅವರ ಮನೆಗೆ ಬರುತ್ತಿದ್ದದ್ದು. ಪೈಲ್ವಾನರು ತಾವೇ ಬಂದು ಅಳೆದುಕೊಡುತ್ತಿದ್ದರು. ಹಾಲಿಗೆ ನೀರು ಬಿದ್ದಿದೆ ಎಂದು ಇವಳು, ಆಂಜನೇಯನಾಣೆಗೂ ಇಲ್ಲ ಎಂದು ಅವರು. ಈ ಜಗಳ ನಡೆಯದೆ ಆ ಮನೆಯಲ್ಲಿ ಬೆಳಗಾಗುತ್ತಿರಲಿಲ್ಲ. ಎದುರಾಡುವುದರಲ್ಲಿ ಇಬ್ಬರೂ ಸರಿಸಮ.

ಮೊದಲೆರಡು ಉತ್ತರಗಳು ಸಣ್ಣ ಕಿತ್ತಾಟದಲ್ಲೇ ಹೊರಬಂದವು. ಮೂರನೆಯದಕ್ಕೆ ಗಂಗಾಧರಯ್ಯನವರು, ಸಮುದ್ರಕ್ಕೆ ಸೇತುವೆ ಕಟ್ಟಿಸಿದ, ವಿಶ್ವಕರ್ಮನ ಮಗನಾದ ವಾನರ ಯಾರು ಎಂದು ಕೇಳಿದರು. ನೀಲ ಎಂದಳು ಕಾತ್ಯಾಯಿನಿ. ನಳ ಎಂದರು ಪೈಲ್ವಾನರು. ಹರಿಕಥೆಯಲ್ಲಿ ಕಿವಿಯಾರೆ ಕೇಳಿದ್ದೇನೆ ಎಂದಳು ಅವಳು. ನೀಲ ಅಗ್ನಿಯ ಮಗ, ಗರಡಿಯಲ್ಲಿ ವಾರವಾರವೂ ಓದಿಸುತ್ತೇವೆ ಎಂದರು ಅವರು. ಪಿಸುಮಾತು ಮರೆತುಹೋಗಿ ಮೈಕು ಎಲ್ಲವನ್ನೂ ಊರಿಗೆ ಸಾರತೊಡಗಿತ್ತು.

“ಆಂಜನೇಯನಾಣೆಗೂ ನಳನೇ ಕಣಮ್ಮಾ.”

“ದಿನಾ ಬೆಳಿಗ್ಗೆ ಹಾಲಿಗೆ ನೀರು ಹಾಕಿಲ್ಲ ಅಂತ ಹಾಕ್ತೀರಲ್ಲ ಬೈರಪ್ಪನೋರೆ, ಆ ಆಣೇನಾ?”

ಪೈಲ್ವಾನರು ಗಿರಿಜಾಮೀಸೆ ಸವರಿದರು. ಎದುರಿಗೆ ಅವರ ಹಾಲು ಕುಡಿಯುವ ಮನೆಗಳವರೆಲ್ಲ ಕೂತಿದ್ದರು, ಪಕ್ಕದಲ್ಲಿ ರಾಮದೇವರ ಪಟ.

“ಹಾಲಿನಾಣೆ ಬೇರೆ, ತಾಯಿ. ಇದು ನಿಜವಾದ ಆಣೆ.”

“ಹಾಗಾದ್ರೆ ಒಪ್ಪಿಗೆ,” ಎಂದಳು ಕಾತ್ಯಾಯಿನಿ.

ಚಪ್ಪರ ನಕ್ಕು ಮುಗಿಸಿದ ಮೇಲೆಯೇ ಗಂಗಾಧರಯ್ಯನವರಿಗೆ ಸರಿಯುತ್ತರ ಎಂದು ಹೇಳಲು ಸಾಧ್ಯವಾದದ್ದು.

ಮರುದಿನ ಬೆಳಿಗ್ಗೆ ಹಾಲು ಎಂದಿನಷ್ಟೇ ತೆಳ್ಳಗಿತ್ತು, ಜಗಳವೂ ಎಂದಿನಷ್ಟೇ ಗಟ್ಟಿಯಾಗಿತ್ತು; ಆಣೆಯೊಂದು ಮಾತ್ರ ಇರಲಿಲ್ಲ. ಸಂಜೆ ಹಲಗೆಯ ಮೇಲೆ ರೇಡಿಯೊ ಕೂತಿತು. ಅಳತೆಗೆ ಹಲಗೆ ತುಸು ಕಿರಿದಾಗಿ, ಮುಂದೆ ಮರದ ತುಂಡು ಜೋಡಿಸಬೇಕಾಯಿತು. ಕಾತ್ಯಾಯಿನಿ ಕಿಟಕಿ ತೆರೆದಿಟ್ಟಳು, ಸೊಳ್ಳೆ ಬಂದರೆ ಬರಲಿ ಎಂದು.

ನೋಡಲು ಬಂದ ಬೀದಿಯವರಿಗೆಲ್ಲ ರಾಮಪ್ರಸಾದರು ವಿವರಿಸುತ್ತಿದ್ದರು. ಸಿದ್ಧಾಂತ ಮೂಲದಲ್ಲಿ ತಮ್ಮದೇ. ನಾವು ಬೇಡ ಅನ್ನಬಹುದಾದವರನ್ನೇ ಆರಿಸಬೇಕು; ಅವರೂ ನಮಗೆ ಬೇಡ ಅನ್ನಬಲ್ಲವರಾಗಿರಬೇಕು ಎಂಬ ಸಣ್ಣ ತಿದ್ದುಪಡಿ ಮಾತ್ರ ಮನೆಯವಳದು. ಮುಂದಿನ ವರ್ಷ ಇಸ್ತ್ರಿಪೆಟ್ಟಿಗೆ ಬಹುಮಾನವಂತೆ, ಅದಕ್ಕೂ ಒಂದು ಮೇಜು ಮಾಡಿಸಬೇಕು ಎಂದೆಲ್ಲ.

“ರೀ, ಸ್ವಲ್ಪ ಸುಮ್ಮನಿರ್ತೀರಾ? ಅನುಪಲ್ಲವಿ ಬಂತು,” ಎಂದಳು ಕಾತ್ಯಾಯಿನಿ.

ತಮ್ಮ ಸಿದ್ಧಾಂತಕ್ಕೆ ತಾವೇ ತಪ್ಪುವುದು ಹೇಗೆ ಎಂದು ರಾಮಪ್ರಸಾದರು ಬಾಯಿ ಮುಚ್ಚಿಕೊಂಡು ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು.